ಅಪ್ಪೆ ಅಂದರೆ ಅಮ್ಮ

ತಂಗೀ,

ನೀನು ಕಳಿಸಿದ ಲೇಖನ ಓದಿದೆ. ತಾಯಿಯನ್ನು ಕರೆಯುವ ಪದದಲ್ಲಿ 'ಮ' ಇಲ್ಲದ ಭಾಷೆಯೇ ಲೋಕದಲ್ಲಿಲ್ಲ ಅಂತ ಶುರು ಮಾಡಿದ್ದೀಯ. ಓದಲು ಹಿತವಾಗಿದೆ, ಆದರೆ ನಿಜವಲ್ಲ. ನಿಮ್ಮ ಮನೆಮಾತು ತುಳು ಅಲ್ವಾ? ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ನಿನ್ನ ಅಜ್ಜಿಯೇ ಈ ಮಾತು ಒಪ್ಪುವುದಿಲ್ಲ! ದೂರದ ಜಾರ್ಜಿಯಾದಲ್ಲೂ 'ಮಾಮಾ' ಅಂದರೆ ಅಪ್ಪ, 'ದೆದಾ' ಅಂದರೆ ಅಮ್ಮ. (ನಮ್ಮ ಮಾಮ ಪಾಪ, ಅಮ್ಮನ ತಮ್ಮ ಅಷ್ಟೇ.)

ಮ, ಪ, ಬ ಮಗುವಿಗೆ ಸುಲಭ. ತುಟಿ ಸೇರಿಸಿ ಬಿಟ್ಟರೆ ಸಾಕು. ಅದನ್ನು ಕೇಳಿ 'ನನ್ನನ್ನೇ ಕರೆಯಿತು' ಅಂತ ಹಿಗ್ಗುವವರು ದೊಡ್ಡವರು. ಮೊಲೆ ಕುಡಿಯುವ ಮಗು ಬಾಯಿ ತುಂಬಿದ್ದಾಗ ಮೂಗಿನಲ್ಲೇ ಗುನುಗುತ್ತದೆ, ಅದಕ್ಕೇ 'ಮ' ಹೆಚ್ಚಾಗಿ ತಾಯಿಯ ಪಾಲಾಯಿತು ಅನ್ನುವುದು ಭಾಷಾವಿಜ್ಞಾನಿ ರೋಮನ್ ಯಾಕಬ್‌ಸನ್ ವಾದ. 'ಹೆಚ್ಚಾಗಿ' ಅನ್ನುವುದನ್ನು ಗಮನಿಸು. ನಿನ್ನ ಲೇಖನದಲ್ಲಿ ಅದೊಂದು ಪದ ಬೇಕಿತ್ತು.

ನೀನು ಒಂದೇ ಸಾಲಿನಲ್ಲಿ ದಾಟಿಹೋದ ಪದ 'ತಾಯಿ'. ಅಲ್ಲಿ ನಿಲ್ಲಬೇಕಿತ್ತು ಮಾರಾಯ್ತಿ. ಹಳೆಯ ಸಂಗಂ ಕಾವ್ಯಗಳ ತಮಿಳಿನಲ್ಲಿ 'ಯಾಯ್' ನನ್ನ ತಾಯಿ, 'ಞಾಯ್' ನಿನ್ನ ತಾಯಿ, 'ತಾಯ್' ಅವರ ತಾಯಿ. ಅಪ್ಪನಿಗೂ ಹಾಗೇ: ಎಂದೈ, ನುಂದೈ, ತಂದೈ. ಯಾರ ತಾಯಿ, ಯಾರ ತಂದೆ ಅನ್ನುವುದು ಪದದ ಒಳಗೇ ಕೂತಿತ್ತು. ಕನ್ನಡದಲ್ಲಿ ಉಳಿದದ್ದು ಮೂರನೆಯದು ಮಾತ್ರ: ತಾಯಿ, ತಂದೆ. ಬೇರು ಹಿಡಿದು ನೋಡಿದರೆ 'ನನ್ನ ತಾಯಿ' ಅಂದರೆ 'ನನ್ನ ಅವರಮ್ಮ' ಅಂದ ಹಾಗೆ!

ಮನೆಯೊಳಗೆ ನಾವು ಅಮ್ಮ, ಅವ್ವ ಅಂತ ಕೂಗುತ್ತೇವೆ. ಹವ್ಯಕರ ಮನೆಗಳಲ್ಲಿ ಅಬ್ಬೆ. 'ತಾಯಿಯ ಹೆಸರು' ಬರುವುದು ಅರ್ಜಿಯಲ್ಲಿ. ಗುರುತಿಲ್ಲದ ಹೆಂಗಸು ಬಾಗಿಲಿಗೆ ಬಂದರೂ 'ಬನ್ನಿ ತಾಯಿ' ಅನ್ನುತ್ತೇವೆ. ಇದಕ್ಕೆಲ್ಲ 'ತಾಯಿ' ಪದದೊಳಗಿನ ಹಳೆಯ 'ಅವರ' ಅನ್ನುವ ಅರ್ಥವೇ ಕಾರಣ ಅಂತ ಮಾತ್ರ ಬರೆಯಬೇಡ. ನಾನೂ ಒಮ್ಮೆ ಆಸೆಪಟ್ಟು ಬರೆದಿದ್ದೆ. ಆಧಾರ ಸಿಗಲಿಲ್ಲ, ಹೊಡೆದುಹಾಕಿದೆ.

ಮೊದಲ ಪ್ಯಾರಾ ತೆಗೆದುಬಿಡು. ಅಜ್ಜಿಯ ಹತ್ತಿರ ಕೂತು ಅವರು ಯಾರನ್ನು ಏನಂತ ಕರೆಯುತ್ತಿದ್ದರು ಕೇಳಿ ಬರೆದುಕೋ. ಎದುರಿಗೆ ಕರೆಯುವುದು ಬೇರೆ, ಇನ್ನೊಬ್ಬರ ಮುಂದೆ ಹೇಳುವುದು ಬೇರೆ. ಎರಡನ್ನೂ ಕೇಳು.

ಅಂದ ಹಾಗೆ, ನಿನ್ನನ್ನು ತಂಗಿ ಅಂದೆನಲ್ಲ, ಆ ಪದದೊಳಗೂ ಅದೇ 'ಅವರ' ಅಡಗಿದೆ. ಹಳೆಯ ತಮಿಳಿನವನಾಗಿದ್ದರೆ 'ಎಂಗೈ', ಅಂದರೆ ನನ್ನ ತಂಗಿ, ಅನ್ನುತ್ತಿದ್ದೆ.

ಇಂತಿ,
ನಿನ್ನಣ್ಣ