ಭಾನುವಾರದ ಮಾತುಕತೆ: ಸೊಕೊರೊ, 1964

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಸೊಕೊರೊದಲ್ಲಿ ನಡೆದ UFO (ಗುರುತು ಸಿಗದ ಹಾರುವ ವಸ್ತು) ಪ್ರಕರಣದ ಬಗ್ಗೆ ಮಾತಾಡೋಣ. ಬರುವ ಮುಂಚೆ ಇಷ್ಟು ಓದಿಕೊಂಡಿರಿ.

1964ರ ಏಪ್ರಿಲ್ 24, ಸಂಜೆ ಹೊತ್ತು. ಪೊಲೀಸ್ ಲಾನಿ ಝಮೋರಾ ಜೋರಾಗಿ ಓಡುತ್ತಿದ್ದ ಕಾರೊಂದರ ಬೆನ್ನು ಹತ್ತಿದ್ದರು. ಇದ್ದಕ್ಕಿದ್ದಂತೆ ದೊಡ್ಡ ಸದ್ದು, ಆಕಾಶದಲ್ಲಿ ಬೆಂಕಿ. ಡೈನಮೈಟ್ ಇಟ್ಟಿದ್ದ ಶೆಡ್ ಸಿಡಿಯಿತೇನೋ ಅಂದುಕೊಂಡು ಆ ಕಡೆ ತಿರುಗಿದರು. ಹಳ್ಳದಲ್ಲಿ ಮೊಟ್ಟೆಯಾಕಾರದ ಬಿಳಿ ವಸ್ತು, ಪಕ್ಕದಲ್ಲಿ ಬಿಳಿ ಬಟ್ಟೆಯ ಇಬ್ಬರು! ಅದು ಬೆಂಕಿ ಕಾರುತ್ತಾ ಮೇಲೆದ್ದಾಗ ಝಮೋರಾ ಹೆದರಿ ಓಡಿದರು, ಕನ್ನಡಕ ಕೆಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಬಂದ ಇನ್ನೊಬ್ಬ ಪೊಲೀಸರಿಗೆ ಹೊಗೆಯಾಡುವ ಪೊದೆ, ನೆಲದಲ್ಲಿ ನಾಲ್ಕು ಗುಂಡಿ ಕಂಡವು. ನನ್ನನ್ನು ಕಾಡುವುದು ಈ ಗುಂಡಿಗಳೇ.

UFO ವರದಿಗಳನ್ನು ಪರಿಶೀಲಿಸಲೆಂದೇ ಇದ್ದ ಅಮೆರಿಕ ವಾಯುಪಡೆಯ ಯೋಜನೆ ಪ್ರಾಜೆಕ್ಟ್ ಬ್ಲೂ ಬುಕ್ ತನಿಖೆ ನಡೆಸಿತು. ಅದರ ಸಲಹೆಗಾರ, ಖಗೋಳ ವಿಜ್ಞಾನಿ ಅಲೆನ್ ಹೈನೆಕ್ ಖುದ್ದಾಗಿ ಸ್ಥಳಕ್ಕೆ ಹೋದರು. ಮುಖ್ಯಸ್ಥ ಹೆಕ್ಟರ್ ಕ್ವಿಂಟಾನಿಲ್ಲಾ ಕೂಡ ಝಮೋರಾ ಮಾತನ್ನು ನಂಬಿದರು. ಆದರೂ ಕಡತದಲ್ಲಿ ಅದು ‘ಗುರುತು ಸಿಗದ್ದು’ ಅಂತಲೇ ಉಳಿಯಿತು. ಬ್ಲೂ ಬುಕ್‌ನ ಒಟ್ಟು 12,618 ವರದಿಗಳಲ್ಲಿ ಹೀಗೆ ಉಳಿದದ್ದು 701.

ದಯವಿಟ್ಟು ಎಡಿಟ್ ಮಾಡಿದ ಫೋಟೋಗಳನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ. ಪ್ರಶ್ನೆಗಳಿದ್ದರೆ ಶನಿವಾರದೊಳಗೆ ಇಲ್ಲೇ ಹಾಕಿ.