ಉಪಗ್ರಹ ಚಿತ್ರದ ಜೊತೆಗೆ ಅದರ ದಿನಾಂಕವನ್ನೂ ಅಚ್ಚು ಮಾಡಿ

ಮಾನ್ಯರೇ,

ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಬಾಂಬರ್ ವಿಮಾನವೊಂದು ಮುಳುಗಿದೆ ಎಂಬ ಒಕ್ಕಣೆಯೊಂದಿಗೆ ಒಂದು ಉಪಗ್ರಹ ಚಿತ್ರ ಕೆಲವು ವಾರಗಳಿಂದ ಹಾಸನದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದನ್ನೇ ಸುದ್ದಿಯಾಗಿಸಿ ಪ್ರಕಟಿಸಿದವರೂ ಇದ್ದಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚಿತ್ರವನ್ನು ತಂದು ತೋರಿಸಿ ನಿಜವೇ ಎಂದು ಕೇಳಿದಾಗ, ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ನಾನು ಅವನ ಜೊತೆ ಎರಡು ಸಂಜೆ ಕುಳಿತು ಪರಿಶೀಲಿಸಿದೆ. ಚಿತ್ರದಲ್ಲಿ ವಿಮಾನವಿರುವುದು ನಿಜ. ತಿಳಿನೀಲಿ ಛಾಯೆಯಲ್ಲಿ, ನೀರಿನ ತಳದಿಂದ ಮಸುಕಾಗಿ ತೋರುವಂತೆ ರೆಕ್ಕೆ, ಒಡಲು, ಬಾಲ ಎಲ್ಲವೂ ಕಾಣುತ್ತವೆ. ನೋಡಿದವರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದು ಮುಳುಗಿದ ವಿಮಾನವಲ್ಲ, ಹಾರುತ್ತಿರುವ ವಿಮಾನ.

ಚಿತ್ರವನ್ನು ದೊಡ್ಡದು ಮಾಡಿ ನೋಡುವ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯೊಂದಿತ್ತು. ಯುದ್ಧ ಮುಗಿದದ್ದು 1945ರಲ್ಲಿ, ಹೇಮಾವತಿ ಅಣೆಕಟ್ಟು ಪೂರ್ಣಗೊಂಡದ್ದು 1979ರಲ್ಲಿ. ಇಂದು ಹಿನ್ನೀರಿರುವ ಕಡೆ ಅಂದು ಇದ್ದದ್ದು ಹೊಲ, ಗದ್ದೆ, ಮನೆಗಳು. ಬಾಂಬರ್ ಅಲ್ಲಿ ಬಿದ್ದಿದ್ದರೆ ಅದು ಸುತ್ತಲ ಊರಿನವರ ಕಣ್ಣೆದುರೇ ಬೀಳುತ್ತಿತ್ತು, ಅದರ ಅಲ್ಯೂಮಿನಿಯಂ ತಗಡು ನೀರು ಏರುವವರೆಗೆ 34 ವರ್ಷ ಯಾರ ಕೈಗೂ ಸಿಗದೆ ಉಳಿಯುತ್ತಿರಲಿಲ್ಲ, ಮುಳುಗಡೆಯ ಊರುಗಳಿಂದ ಎದ್ದುಬಂದ ಹಿರಿಯರ ಬಾಯಲ್ಲಿ ಆ ಕಥೆ ಇಂದಿಗೂ ಇರುತ್ತಿತ್ತು. ನಾನು ವಿಚಾರಿಸಿದ ಹಿರಿಯರಲ್ಲಿ ಯಾರೂ ಅಂಥದ್ದನ್ನು ಕೇಳಿಲ್ಲ.

ಆಮೇಲೆ ಅಳತೆ ಹಾಕಿದೆವು. ನಕ್ಷೆಯ ಅಳತೆಪಟ್ಟಿಯಲ್ಲಿ ವಿಮಾನದ ಉದ್ದವೂ ರೆಕ್ಕೆಯ ಅಗಲವೂ ಹೆಚ್ಚುಕಡಿಮೆ ಒಂದೇ, 36 ಮೀಟರಿನ ಆಸುಪಾಸು. ಯುದ್ಧಕಾಲದ ದೊಡ್ಡ ವಿಮಾನಗಳ ಲಕ್ಷಣ ಹೀಗಿಲ್ಲ. ಲಿಬರೇಟರ್ ಬಾಂಬರಿನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 33.5 ಮೀಟರ್, ಉದ್ದ 20 ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಕೆಟಲೀನಾ ಎಂಬ ದೋಣಿವಿಮಾನದ ರೆಕ್ಕೆ ಸುಮಾರು 31.7 ಮೀಟರ್, ಉದ್ದ 19.5. ಎರಡರ ರೆಕ್ಕೆಗಳೂ ಒಡಲಿಗೆ ಅಡ್ಡಲಾಗಿ ನೇರವಾಗಿ ಚಾಚಿಕೊಂಡಿರುತ್ತವೆ. ಈ ಚಿತ್ರದ ರೆಕ್ಕೆಗಳು ಹಿಂದಕ್ಕೆ ಬಾಗಿವೆ, ಅಂದರೆ ಇಂದಿನ ಪ್ರಯಾಣಿಕ ಜೆಟ್ ವಿಮಾನದ ರೆಕ್ಕೆಗಳು. ಬೆಂಗಳೂರಿಗೂ ಮಂಗಳೂರಿಗೂ ನಡುವೆ ನೇರ ಗೆರೆ ಎಳೆದರೆ ಅದು ನಮ್ಮ ಜಿಲ್ಲೆಯ ಮೇಲೇ ಹಾದುಹೋಗುತ್ತದೆ.

ನೀರಿನೊಳಗೆ ಇದ್ದಂತೆ ತೋರುವುದಕ್ಕೂ ಕಾರಣವಿದೆ. ಉಪಗ್ರಹದ ಕ್ಯಾಮೆರಾ ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೇ ಗಳಿಗೆಯಲ್ಲಿ ಹಿಡಿಯುವುದಿಲ್ಲ, ಅತ್ಯಲ್ಪ ಅಂತರದಲ್ಲಿ ಒಂದರ ಹಿಂದೆ ಒಂದನ್ನು ಹಿಡಿಯುತ್ತದೆ. ನೆಲ ಅಲುಗಾಡದ ಕಾರಣ ಮೂರೂ ಬಣ್ಣಗಳು ಒಂದರ ಮೇಲೊಂದು ಕೂಡುತ್ತವೆ. ವಿಮಾನ ಅಷ್ಟರಲ್ಲೇ ಮುಂದೆ ಸರಿದಿರುವುದರಿಂದ ಅದರ ಬಣ್ಣಗಳು ಬಿಡಿಬಿಡಿಯಾಗಿ ಜಾರಿ, ದೆವ್ವದಂಥ ಮಸುಕು ಆಕಾರ ಉಳಿಯುತ್ತದೆ. ಅಂಚಿನಲ್ಲಿ ಕೆಂಪು, ನೀಲಿ ಗೆರೆಗಳು ಬೇರೆಬೇರೆಯಾಗಿ ಕಂಡರೆ ಅದು ಚಲಿಸುತ್ತಿದ್ದ ವಸ್ತು ಎಂದೇ ತಿಳಿಯಬೇಕು. ಈ ಚಿತ್ರದಲ್ಲಿ ಆ ಗೆರೆಗಳು ಬರಿಗಣ್ಣಿಗೇ ಕಾಣುತ್ತವೆ.

ಕೊನೆಗೆ ಅದೇ ಜಾಗದ ಬೇರೆ ದಿನಾಂಕಗಳ ಚಿತ್ರಗಳನ್ನು ತೆರೆದೆವು. ಹಿನ್ನೀರಿನ ಜಿಲ್ಲೆಯಲ್ಲಿರುವ ನಮಗೆ ಈ ಪರೀಕ್ಷೆಯ ಬೆಲೆ ಗೊತ್ತಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದ ಚಿತ್ರದಲ್ಲಿ ನೀರಿನ ನಡುವೆ ಅರೆಬರೆ ನಿಂತಿರುತ್ತದೆ, ಬೇಸಿಗೆಯ ಚಿತ್ರದಲ್ಲಿ ಅದರ ಗೋಡೆಗಳ ನೆರಳೂ ನೆಲದ ಮೇಲೆ ಬಿದ್ದಿರುತ್ತದೆ. ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಅಂದಂದಿನ ಮಟ್ಟವನ್ನು ಪತ್ರಿಕೆಯಲ್ಲಿ ನೋಡಿ ಚಿತ್ರದೊಂದಿಗೆ ತಾಳೆ ಹಾಕುವುದು ಯಾರಿಗೂ ಕಷ್ಟವಲ್ಲ. ನಿಜವಾಗಿ ಮುಳುಗಿರುವ ವಸ್ತು ನೀರು ಇಳಿದಾಗ ಇನ್ನೂ ಸ್ಪಷ್ಟವಾಗಬೇಕು. ಈ ವಿಮಾನ ಒಂದೇ ಒಂದು ದಿನಾಂಕದಲ್ಲಿದೆ. ನೀರು ತಗ್ಗಿದ ಬೇಸಿಗೆಯ ಚಿತ್ರದಲ್ಲಿ ಅದೇ ಜಾಗದಲ್ಲಿ ಬಿರುಕುಬಿಟ್ಟ ಕೆಸರು ಮಾತ್ರ.

ಸಂದರ್ಭ ಬಂದುದರಿಂದ ಇನ್ನೊಂದು ತಪ್ಪು ಗ್ರಹಿಕೆಯ ಬಗ್ಗೆ ಹೇಳುತ್ತೇನೆ. ಈ ಚಿತ್ರವನ್ನು ಸಾಲಗಾಮೆ ರಸ್ತೆಯ ಇಸ್ರೊ ಕೇಂದ್ರದವರೇ ತೆಗೆದಿದ್ದಾರೆ ಎಂಬ ಮಾತೂ ಹರಿದಾಡುತ್ತಿದೆ. 1982ರಿಂದ ಇಲ್ಲಿರುವ ಪ್ರಧಾನ ನಿಯಂತ್ರಣ ಕೇಂದ್ರ ನೋಡಿಕೊಳ್ಳುವುದು ಸುಮಾರು 36,000 ಕಿ.ಮೀ. ಎತ್ತರದ ಸಂಪರ್ಕ ಮತ್ತು ಹವಾಮಾನ ಉಪಗ್ರಹಗಳನ್ನು. ನೆಲದ ಸೂಕ್ಷ್ಮ ಚಿತ್ರ ತೆಗೆಯುವ ಕಾರ್ಟೋಸ್ಯಾಟ್‌ನಂಥ ಉಪಗ್ರಹಗಳು ಸುಮಾರು 500 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ, ಅವುಗಳ ದತ್ತಾಂಶ ಬರುವುದು ಹೈದರಾಬಾದ್ ಸಮೀಪದ ಶಾದ್‌ನಗರಕ್ಕೆ.

ಯಾವ ಉಪಗ್ರಹದ ಚಿತ್ರ ಎಂಬುದು ಏಕೆ ಮುಖ್ಯವೆಂದರೆ, ಎಲ್ಲ ಚಿತ್ರಗಳೂ ಎಲ್ಲವನ್ನೂ ತೋರಿಸಲಾರವು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಉಚಿತವಾಗಿ ಸಿಗುತ್ತದೆ, ಆದರೆ ಅದರ ಒಂದು ಚುಕ್ಕೆ ನೆಲದ ಮೇಲಿನ 10 ಮೀಟರಿಗೆ ಸಮ. ಕೆಟಲೀನಾದ ಇಡೀ ರೆಕ್ಕೆ ಅದರಲ್ಲಿ ಮೂರು ಚುಕ್ಕೆ, ಜಪಾನಿನ ಝೀರೋ ಯುದ್ಧವಿಮಾನ ಒಂದು ಚುಕ್ಕೆಗಿಂತ ಸ್ವಲ್ಪ ಹೆಚ್ಚು. ಅಂಥ ಚಿತ್ರದಲ್ಲಿ ಬಾಲ, ಎಂಜಿನ್ ಕಂಡಿತು ಎನ್ನುವವರು ತಮ್ಮ ಮನಸ್ಸಿನಲ್ಲಿದ್ದುದನ್ನು ಕಂಡಿದ್ದಾರೆ. 2019ರಲ್ಲಿ ಹಾರಿಸಿದ ಕಾರ್ಟೋಸ್ಯಾಟ್-3 ಸುಮಾರು 25 ಸೆಂಟಿಮೀಟರ್ ವಿವರವನ್ನು ಹಿಡಿಯಬಲ್ಲುದು. ಆದರೂ ನೀರು ತಡೆಯೊಡ್ಡುತ್ತದೆ. ಕೆಂಪು ಬೆಳಕನ್ನು ನೀರು ಕೆಲವೇ ಮೀಟರುಗಳಲ್ಲಿ ಹೀರಿಕೊಳ್ಳುತ್ತದೆ, ನೀಲಿ ಹಸಿರು ಬೆಳಕು ಅತ್ಯಂತ ತಿಳಿಯಾದ ಸಮುದ್ರದಲ್ಲಿ ಇಪ್ಪತ್ತು ಮೂವತ್ತು ಮೀಟರ್ ಇಳಿಯಬಹುದು. ಮಲೆನಾಡಿನ ಕೆಮ್ಮಣ್ಣು ಕಲಸಿಕೊಂಡು ಬರುವ ನಮ್ಮ ಹೊಳೆಗಳ ಮುಂಗಾರಿನ ನೀರಿನಲ್ಲಿ ಮೊಣಕಾಲುದ್ದದ ತಳವೂ ಕಾಣದು.

ಮೇಲಿನಿಂದ ಕಾಣುವ ನಿಜವಾದ ಅವಶೇಷಗಳು ಇಲ್ಲವೆಂದಲ್ಲ. 1942ರ ಮಾರ್ಚ್ 3ರಂದು ಆಸ್ಟ್ರೇಲಿಯಾದ ಬ್ರೂಮ್ ಬಂದರಿನ ಮೇಲೆ ಜಪಾನ್ ದಾಳಿ ಮಾಡಿದಾಗ ಸುಟ್ಟು ಮುಳುಗಿದ ದೋಣಿವಿಮಾನಗಳಲ್ಲಿ ಕೆಲವು ಅತಿ ದೊಡ್ಡ ಇಳಿತದ ದಿನಗಳಲ್ಲಿ ಇಂದಿಗೂ ಕೆಸರಿನ ಮೇಲೆ ಎದ್ದು ತೋರುತ್ತವೆ. ಪೆಸಿಫಿಕ್‌ನ ಚೂಕ್ ಲಗೂನಿನಲ್ಲಿ, 1944ರ ಫೆಬ್ರವರಿಯ ಅಮೆರಿಕನ್ ದಾಳಿಗೆ ಸಿಕ್ಕಿದ ಆ ನೆಲೆಯಲ್ಲಿ, ಜಪಾನೀ ವಿಮಾನಗಳು ಮುಳುಗುಗಾರರು ತಲುಪಬಲ್ಲ ಆಳದಲ್ಲೇ ಇವೆ. ತಿಳಿನೀರು, ಕಡಿಮೆ ಆಳ, ಅಲ್ಲಿ ವಿಮಾನ ಬಿದ್ದಿತೆಂಬ ದಾಖಲೆ, ಈ ಮೂರೂ ಕೂಡಿದ ಕಡೆ ಉಪಗ್ರಹ ಚಿತ್ರ ಹುಡುಕಾಟಕ್ಕೆ ನೆರವಾಗುತ್ತದೆ. ಆಳದ ಸಮುದ್ರದಲ್ಲಿ ಅದರ ಕೈ ಸಾಗದು. 2016ರ ಜುಲೈನಲ್ಲಿ 29 ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾದ ನಮ್ಮ ವಾಯುಪಡೆಯ ಎಎನ್-32 ವಿಮಾನದ ಅವಶೇಷ ಗೋಚರಿಸಿದ್ದು ಸುಮಾರು 3,400 ಮೀಟರ್ ಆಳಕ್ಕೆ ಇಳಿಸಿದ ಸ್ವಯಂಚಾಲಿತ ವಾಹನದ ಸೋನಾರಿಗೆ, ಅಂದರೆ ಶಬ್ದದ ಅಲೆಗಳಿಂದ ತಳವನ್ನು ಗುರುತಿಸುವ ಉಪಕರಣಕ್ಕೆ. ಆ ವಿಷಯ ಹೊರಬಂದದ್ದು 2024ರ ಜನವರಿಯಲ್ಲಿ. ಅದೇ ತಿಂಗಳು, 1937ರಲ್ಲಿ ಕಣ್ಮರೆಯಾದ ಅಮೆರಿಕದ ವಿಮಾನ ಚಾಲಕಿ ಅಮೆಲಿಯಾ ಇಯರ್‌ಹಾರ್ಟ್ ಅವರ ವಿಮಾನವೇ ಇರಬಹುದೆಂದು ಒಂದು ಸೋನಾರ್ ಚಿತ್ರ ಲೋಕವನ್ನೆಲ್ಲ ಸುತ್ತಿತು. ಆ ವರ್ಷದ ನವೆಂಬರಿನಲ್ಲಿ ಅದು ಬಂಡೆ ಎಂದು ತಿಳಿಯಿತು. ಆ ಚಿತ್ರ ತೆಗೆದ ಶೋಧಕರು ಸಮುದ್ರದ ತಳಕ್ಕೆ ಮರಳಿ ಹೋಗಿ ನೋಡಿ, ಕಂಡದ್ದನ್ನು ಮರೆಮಾಚದೆ ಹೇಳಿದರು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಇಷ್ಟು ಎಚ್ಚರ ಏಕೆ ಬೇಕೆಂದರೆ, ಇಂಥ ಪ್ರತಿ ಅವಶೇಷವೂ ಒಂದು ಸಮಾಧಿಯಾಗಿರಬಹುದು. ಆ ಯುದ್ಧದಲ್ಲಿ ಕಾಣೆಯಾಗಿ ಇಂದಿಗೂ ಲೆಕ್ಕಕ್ಕೆ ಸಿಗದ ಅಮೆರಿಕನ್ನರೇ 70,000ಕ್ಕೂ ಹೆಚ್ಚು, ಅವರಲ್ಲಿ ಅರುಣಾಚಲದ ಬೆಟ್ಟಗಳ ಮೇಲೆ ಚೀನಾಕ್ಕೆ ಸಾಮಗ್ರಿ ಸಾಗಿಸುವಾಗ ಬಿದ್ದವರೂ ಇದ್ದಾರೆ. ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲೆ ಸಮಾಧಿಯೇ ಇಲ್ಲದ ಸೈನಿಕರ, ವಿಮಾನಯೋಧರ ಹೆಸರುಗಳು ಸಾಲುಸಾಲಾಗಿ ಇವೆ. ಎಲ್ಲೋ ಒಂದು ಮನೆಯಲ್ಲಿ ಅಜ್ಜನ ಫೋಟೊ ಇಟ್ಟುಕೊಂಡು ಕಾಯುತ್ತಿರುವವರಿಗೆ 'ಸಿಕ್ಕಿತು' ಎಂಬ ಸುದ್ದಿ ಮುಟ್ಟಿಸಿ ಮರುದಿನ ಅಲ್ಲವೆನ್ನುವುದು ಕ್ರೂರ. ನಿಜವಾಗಿಯೇ ಸಿಕ್ಕಿದ್ದರೆ ಜಾಗದ ಅಕ್ಷಾಂಶ ರೇಖಾಂಶವನ್ನು ಬಹಿರಂಗಪಡಿಸುವುದು ಇನ್ನೂ ಅಪಾಯ, ಏಕೆಂದರೆ ಗುಜರಿಯವರು, ನೆನಪಿನ ಕಾಣಿಕೆ ಹುಡುಕುವವರು ತಜ್ಞರಿಗಿಂತ ಮೊದಲೇ ಅಲ್ಲಿರುತ್ತಾರೆ. ಬ್ರಿಟನ್ 1986ರ ಕಾನೂನಿನಿಂದ ಸೇನಾ ವಿಮಾನಗಳ ಅವಶೇಷಗಳಿಗೆ ರಕ್ಷಣೆ ಕೊಟ್ಟಿದೆ. ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆ ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುವನ್ನು ಮಾತ್ರ ಗಣಿಸುವುದರಿಂದ ಯುದ್ಧಕಾಲದ ವಿಮಾನಗಳು ಇನ್ನೂ ಅದರ ಆಚೆಗೇ ಉಳಿದಿವೆ.

ಆದ್ದರಿಂದ ಉಪಗ್ರಹ ಚಿತ್ರವನ್ನು ಪ್ರಕಟಿಸುವಾಗಲೆಲ್ಲ ಅದನ್ನು ಯಾವ ಉಪಗ್ರಹ, ಯಾವ ದಿನಾಂಕದಂದು ತೆಗೆದಿದೆ ಎಂಬುದನ್ನೂ ಒಂದು ಅಳತೆಪಟ್ಟಿಯನ್ನೂ ಕೆಳಗೆ ಅಚ್ಚು ಮಾಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ. ಅದೇ ಜಾಗದ ಇನ್ನೊಂದು ದಿನಾಂಕದ ಚಿತ್ರ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಇವೆಲ್ಲ ದಾಟಿಯೂ ಅನುಮಾನ ಉಳಿದರೆ ಜಾಗದ ವಿವರ ಮೊದಲು ಜಿಲ್ಲಾಡಳಿತಕ್ಕೆ ಹೋಗಲಿ, ಪತ್ರಿಕೆಗೆ ಆಮೇಲೆ ಬರಲಿ. ಹೇಮಾವತಿ ಹಿನ್ನೀರಿನ ಸುದ್ದಿಯನ್ನು ಪ್ರಕಟಿಸಿದವರು ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಬೇಕು. ಆ ವಿಮಾನ ನೋಡಲೆಂದು ಕಳೆದ ಭಾನುವಾರವೂ ಹುಡುಗರು ತೆಪ್ಪ ಕಟ್ಟಿಕೊಂಡು ಹಿನ್ನೀರಿಗೆ ಇಳಿದಿದ್ದರು.

ಇತಿ,
ನಿವೃತ್ತ ಭೂಗೋಳ ಶಿಕ್ಷಕ, ಹಾಸನ