ಮಗಳಿಗೊಂದು ಪತ್ರ: ಬಾಡಿಗೆ ಬರುತ್ತೆ ಅಂತ ಅರ್ಜಿ ಕೈಬಿಡಬೇಡ

ಪುಟ್ಟಿ,

"ಮೈಸೂರಿನ ಮನೆಗೆ ಬಾಡಿಗೆ ಬರುತ್ತಲ್ಲಮ್ಮ, ನಂಗೆಲ್ಲಿ ಕೇರರ್ಸ್ ಅಲೊವೆನ್ಸ್ ಕೊಡ್ತಾರೆ" ಅಂದೆಯಲ್ಲ, ಅದಕ್ಕೇ ಬರೀತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ.

ಕೊಡುತ್ತಾರೆ. ಕಾಯಿಲೆಯವರನ್ನು, ಕೈಲಾಗದವರನ್ನು ನೋಡಿಕೊಳ್ಳುವವರಿಗೆ ಅಲ್ಲಿನ ಸರ್ಕಾರ ಕೊಡುವ ಹಣ ಅದು, ನೀನು ನಿಮ್ಮತ್ತೆಯನ್ನು ನೋಡಿಕೊಳ್ಳುತ್ತಿದ್ದೀಯಲ್ಲ. ಇಂಗ್ಲೆಂಡಿನಲ್ಲಿ ಈ ಅಲೊವೆನ್ಸ್‌ಗೆ ನೋಡುವುದು ನಿನ್ನ ದುಡಿಮೆಯ ಹಣವನ್ನು: ಸಂಬಳ, ಸ್ವಂತ ವ್ಯಾಪಾರದ ಲಾಭ. ಬ್ಯಾಂಕಿನಲ್ಲಿ ಎಷ್ಟಿದೆ ಅನ್ನುವುದು ಲೆಕ್ಕಕ್ಕಿಲ್ಲ. ಅಳಿಯಂದಿರ ಸಂಬಳವೂ ಇಲ್ಲ. ಒಂದು ಮನೆ ಬಾಡಿಗೆಗೆ ಕೊಟ್ಟರೆ ಬರುವ ದುಡ್ಡು ಸಾಮಾನ್ಯವಾಗಿ ದುಡಿಮೆ ಅನಿಸಿಕೊಳ್ಳುವುದಿಲ್ಲ, ಆ ಮನೆ ಕುವೆಂಪುನಗರದಲ್ಲಿರಲಿ, ಲೆಸ್ಟರ್‌ನಲ್ಲಿರಲಿ. ನಾಲ್ಕಾರು ಮನೆ ಇಟ್ಟುಕೊಂಡು ಅದನ್ನೇ ವ್ಯಾಪಾರ ಮಾಡುವವರ ಕಥೆ ಬೇರೆ. ಇನ್ನು ನಿಮ್ಮ ಖಾಲಿ ರೂಮಿನಲ್ಲಿ ಊಟ ಹಾಕಿ ಯಾರನ್ನಾದರೂ ಇಟ್ಟುಕೊಳ್ಳೋಣ ಅಂತ ಅಳಿಯಂದಿರು ಹೇಳುತ್ತಿದ್ದರಲ್ಲ, ಅದಕ್ಕೂ ಬೇರೆ ನಿಯಮ. ವಾರಕ್ಕೆ ಮೊದಲ 20 ಪೌಂಡ್ ಬಿಟ್ಟು, ಉಳಿದದ್ದರಲ್ಲಿ ಅರ್ಧವನ್ನು ನಿನ್ನ ಸಂಪಾದನೆಗೆ ಸೇರಿಸುತ್ತಾರೆ.

ನೀನು ಹೆದರಬೇಕಾದ್ದು ಬಾಡಿಗೆಗಲ್ಲ, ಫಾರ್ಮಸಿಯ ಓವರ್‌ಟೈಮಿಗೆ. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಎಲ್ಲ ಕಳೆದ ಮೇಲೆ ಸಂಪಾದನೆ ಮಿತಿಯೊಳಗಿರಬೇಕು. 2025ರ ಏಪ್ರಿಲ್‌ನಲ್ಲಿ ಮಿತಿ ವಾರಕ್ಕೆ 151ರಿಂದ 196 ಪೌಂಡಿಗೆ ಏರಿತು. ಒಂದು ಪೌಂಡ್ ಜಾಸ್ತಿ ಆದರೂ ಆ ವಾರದ ಅಲೊವೆನ್ಸ್ ಪೂರ್ತಿ ಹೋಗುತ್ತೆ. ಸ್ವಲ್ಪ ಕಡಿಮೆ ಮಾಡಿ ಕೊಡುವ ಪದ್ಧತಿಯೇ ಇಲ್ಲ. ಗೊತ್ತಿಲ್ಲದೆ ಮಿತಿ ದಾಟಿದವರಿಂದ ವರ್ಷಗಟ್ಟಲೆಯ ಹಣ ವಾಪಸ್ ಕೇಳಿದ್ದು ಅಲ್ಲಿ ದೊಡ್ಡ ಗಲಾಟೆಯೇ ಆಯಿತು. ನನ್ನನ್ನು ಕೇಳಿದರೆ ಇದು ಶುದ್ಧ ಅನ್ಯಾಯದ ನಿಯಮ. ಪೆನ್ಷನ್‌ಗೆ ಕಟ್ಟುವುದರಲ್ಲಿ ಅರ್ಧ ಕಳೆಯಬಹುದು, ಅದನ್ನು ಬಿಡಬೇಡ.

ನಿಮ್ಮತ್ತೆಯನ್ನು ವಾರಕ್ಕೆ 35 ಗಂಟೆ ನೋಡಿಕೊಂಡಿರಬೇಕು. ಅಡುಗೆ, ಸ್ನಾನ, ಮಾತ್ರೆ, ಆಸ್ಪತ್ರೆಗೆ ಓಡಾಟ ಎಲ್ಲ ಸೇರಿ ನಿನಗೆ ಅದಕ್ಕಿಂತ ಜಾಸ್ತಿಯೇ ಆಗುತ್ತೆ, ಅಲ್ವಾ? ಅವರಿಗೆ, ಇನ್ನೊಬ್ಬರ ಆರೈಕೆ ಬೇಕಾದ ವಯಸ್ಸಾದವರಿಗೆ ಕೊಡುವ ಅಟೆಂಡೆನ್ಸ್ ಅಲೊವೆನ್ಸ್ ಬರುತ್ತಿದೆ, ಅಷ್ಟು ಸಾಕು. ಬೇರೆ ಫ್ಲಾಟ್‌ನಲ್ಲಿದ್ದಾರೆ ಅನ್ನುವುದೂ ಅಡ್ಡಿಯಲ್ಲ.

ಬಾಡಿಗೆ, ಮನೆ ಎರಡೂ ಕಾಡುವುದು ಕಡಿಮೆ ಆದಾಯದವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್‌ಗೆ ಹೋದರೆ. ಅಲ್ಲಿ ನೀವು ವಾಸವಿಲ್ಲದ ಮನೆಯನ್ನು ಆಸ್ತಿ ಅಂತ ಲೆಕ್ಕ ಹಾಕುತ್ತಾರೆ. 16,000 ಪೌಂಡ್ ಮೀರಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಮೈಸೂರಿನ ಮನೆ ಅದನ್ನು ಎಂದೋ ಮೀರಿದೆ. ಪಕ್ಕದ ಮನೆಯವರು ಈ ಎರಡನ್ನೂ ಕಲಸಿ ನಿನಗೆ ಹೇಳಿರಬೇಕು. ತೆರಿಗೆಗಂತೂ ಬಾಡಿಗೆ ಲೆಕ್ಕಕ್ಕಿದೆ, ಈ ಅಲೊವೆನ್ಸ್‌ಗೂ ತೆರಿಗೆಯುಂಟು. ಭಾರತದಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ರಿಯಾಯಿತಿ ಕೇಳಬಹುದು, ರಸೀದಿ ಇಟ್ಟುಕೊಂಡಿರು.

ಅರ್ಜಿಗೆ ಮುಂಚೆ ಒಂದು ಕೆಲಸ. ನಿಮ್ಮತ್ತೆ ಒಬ್ಬರೇ ಇರುವುದರಿಂದ ಅವರಿಗೆ ಬರುವ, ಕಡಿಮೆ ಆದಾಯದ ವಯಸ್ಸಾದವರ ನೆರವಾದ ಪೆನ್ಷನ್ ಕ್ರೆಡಿಟ್‌ನಲ್ಲಿ ತೀವ್ರ ಅಂಗವೈಕಲ್ಯಕ್ಕೆ ಅಂತ ಒಂದು ಹೆಚ್ಚುವರಿ ಮೊತ್ತ ಸೇರಿರಬಹುದು. ನೀನು ಕೇರರ್ಸ್ ಅಲೊವೆನ್ಸ್ ತೆಗೆದುಕೊಂಡರೆ ಅದು ನಿಂತುಹೋಗುತ್ತೆ. ಅವರಿಗೆ ತಿಳಿಯದೆ ಅವರ ದುಡ್ಡು ಕಡಿಮೆಯಾದರೆ ಮನೆಯಲ್ಲಿ ಸುಮ್ನೆ ಮನಸ್ತಾಪ. ಅವರ ಪೆನ್ಷನ್ ಕ್ರೆಡಿಟ್ ಕಾಗದದ ಫೋಟೊ ತೆಗೆದು ಕಳಿಸು, ಇಬ್ಬರೂ ಕೂತು ನೋಡೋಣ. ಆ ಹೆಚ್ಚುವರಿ ಮೊತ್ತ ಇಲ್ಲದಿದ್ದರೆ ಅವತ್ತೇ ಅರ್ಜಿ ಹಾಕು. ಮೂರು ತಿಂಗಳ ಹಿಂದಿನ ಹಣವನ್ನೂ ಕೇಳಬಹುದು, ಅದನ್ನು ಕೇಳು.

ನಿನ್ನ
ಅಮ್ಮ